ಮೇಲಿನ ಮನೆಯ ಗಿಟಾರು

1
ಮೂಡಲಪಾಳ್ಯ ಸರ್ಕಲ್‌ನಿಂದ ಒಳಗೆ ಎರಡು ತಿರುವು. ಕೆಳಗಿನ ಮನೆ ನಮ್ಮದು. ಮೇಲೆ ತಾಯಿ ಮಗಳು ಬಾಡಿಗೆಗಿದ್ದಾರೆ. ಮಗಳು ವಿಜಯನಗರದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಗ್ಗೆ ರಕ್ತ ತೆಗೆಯುತ್ತಾಳೆ, ಮಧ್ಯಾಹ್ನ ಸ್ಲೈಡ್ ನೋಡುತ್ತಾಳೆ, ಸಂಜೆ ಗಿಟಾರು ಹಿಡಿಯುತ್ತಾಳೆ. ನೈಲಾನ್ ತಂತಿಯ ಗಿಟಾರು. ಬೆರಳಿನಿಂದ ಮೀಟುವುದು, ಕಾಗದ ನೋಡಿ ನುಡಿಸುವುದು. ನನಗೆ ನುಡಿಸಲು ಬರುವುದಿಲ್ಲ. ಕೇಳುತ್ತೇನೆ, ಬರೆದಿಡುತ್ತೇನೆ.

2
ಮೊದಲ ವರ್ಷ ಮೇಲಿನಿಂದ ಹಾಡುಗಳು ಕೇಳುತ್ತಿದ್ದವು. ಇಡೀ ಹಾಡು, ಪಲ್ಲವಿಯಿಂದ ಕೊನೆಯ ಚರಣದವರೆಗೆ. ಈಗ ಎರಡು ಬಾರ್, ಅಂದರೆ ತಾಳದ ಎರಡು ಸುತ್ತು, ಕೇಳುತ್ತವೆ. ಮತ್ತೆ ಅದೇ ಎರಡು ಬಾರ್. ಅವಳು ಕಲಿತದ್ದು ಹೆಚ್ಚಾಗಿದೆ. ನಮಗೆ ಕೇಳುವುದು ಕಡಿಮೆಯಾಗಿದೆ.

3
ನೆಂಟರು ಬಂದಾಗ "ಏನಾದ್ರೂ ನುಡಿಸಮ್ಮ" ಅನ್ನುತ್ತಾರೆ. ಹೆಚ್ಚಿನವರು ಕೇಳುವುದು ಶಂಕರ್ ನಾಗ್ ಅವರ 'ಗೀತಾ' ಚಿತ್ರದ್ದು. 1981ರ ಸಿನಿಮಾ, ಇಳಯರಾಜ ಸಂಗೀತ. ಮೊದಲ ವರ್ಷ ಕೇಳಿದ ಕೂಡಲೇ ನುಡಿಸುತ್ತಿದ್ದಳು. ಈಗ "ಯಾವುದೂ ರೆಡಿ ಇಲ್ಲ ಅತ್ತೆ" ಎನ್ನುತ್ತಾಳೆ. ಬಾರದೆ ಅಲ್ಲ. ಆ ಹಾಡಿನಲ್ಲಿ ಬೆರಳು ಎಲ್ಲೆಲ್ಲಿ ತಪ್ಪಾಗಿ ಕೂರುತ್ತಿತ್ತೆಂದು ಈಗ ಗೊತ್ತಾಗಿದೆ.

4
ಆ ಎರಡು ಬಾರ್ ಯಾವುದೆಂದು ಕೇಳಿದೆ. ಫರ್ನಾಂಡೊ ಸೋರ್ ಬರೆದ ಅಭ್ಯಾಸ. ಒಪಸ್ 35, ನಂಬರ್ 22, ಬಿ ಮೈನರ್. ಸೋರ್ ಹುಟ್ಟಿದ್ದು 1778ರಲ್ಲಿ ಬಾರ್ಸಿಲೋನಾದಲ್ಲಿ, ತೀರಿಕೊಂಡದ್ದು 1839ರಲ್ಲಿ ಪ್ಯಾರಿಸ್ಸಿನಲ್ಲಿ. 1945ರಲ್ಲಿ ಗಿಟಾರು ವಾದಕ ಆಂಡ್ರೆಸ್ ಸೆಗೋವಿಯಾ ಸೋರ್‌ನ ಅಭ್ಯಾಸಗಳಲ್ಲಿ 20 ಆರಿಸಿ ಅಚ್ಚು ಹಾಕಿಸಿದ. ಅದರಲ್ಲಿ ಇದು ಐದನೆಯದು. ಹಾಗಾಗಿ ಇದಕ್ಕೆ ಎರಡು ನಂಬರು. ಕಲಿಯುವವರು ಎರಡನ್ನೂ ಹೇಳುತ್ತಾರೆ.

5
ಈ ಅಭ್ಯಾಸದಲ್ಲಿ ಸ್ವರಗಳು ಸಮ ಅಂತರದಲ್ಲಿ ಒಂದರ ಹಿಂದೊಂದು ಬರುತ್ತವೆ. ಹಾಡೂ ಅವುಗಳಲ್ಲೇ ಇದೆ, ಹಾಡಿನ ಹಿಂದಿನ ಜೊತೆಸ್ವರವೂ ಅವುಗಳಲ್ಲೇ ಇದೆ. ಕೆಲವು ಸ್ವರ ಸ್ವಲ್ಪ ಮುಂದೆ ಬರಬೇಕು, ಉಳಿದವು ಹಿಂದೆ ಸರಿಯಬೇಕು. ಮುಂದೆ ಬರಬೇಕಾದವಕ್ಕೆ ಕಾಗದದಲ್ಲಿ ಮೇಲ್ಮುಖದ ಕಡ್ಡಿ ಇದೆ. ಕಣ್ಣು ಒಂದೇ ದಿನದಲ್ಲಿ ಗುರುತು ಹಿಡಿಯಿತು. ಉಂಗುರಬೆರಳು ಇನ್ನೂ ಕಲಿಯುತ್ತಿದೆ.

"ಸ್ವರ ಎಲ್ಲ ಸರಿಯಾಗೇ ಬರ್ತಿದೆಯಲ್ಲಮ್ಮ, ಇನ್ನೇನು ಉಳೀತು?" ಎಂದೆ.

"ಉಳಿದಿರೋದೇ ಎಲ್ಲ, ಅಂಕಲ್."

6
ಬಿ ಮೈನರ್ ಅಂದರೆ ತೋರುಬೆರಳನ್ನು ಎರಡನೇ ಫ್ರೆಟ್ಟಿನಲ್ಲಿ ತಂತಿಗಳ ಮೇಲೆ ಅಡ್ಡ ಮಲಗಿಸಬೇಕು. ಇದಕ್ಕೆ ಬ್ಯಾರೆ ಎನ್ನುತ್ತಾರೆ. ಬೆರಳಿನ ಗೆಣ್ಣಿನ ಗೆರೆಯ ಕೆಳಗೆ ತಂತಿ ಸಿಕ್ಕರೆ ಅದು ಸತ್ತ ಸದ್ದು ಮಾಡುತ್ತದೆ. ಬೆರಳನ್ನು ಕೂದಲೆಳೆಯಷ್ಟು ಹೊರಳಿಸಿದರೆ ಸರಿಹೋಗುತ್ತದೆ. ಹೊಸಬರು ಹೆಬ್ಬೆರಳಿನಿಂದ ಹಿಂಡುತ್ತಾರೆ. ಸ್ವಲ್ಪ ಮುಂದೆ ಹೋದವರು ತೋಳಿನ ತೂಕವನ್ನು ಹಿಂದಕ್ಕೆ ಬಿಡುತ್ತಾರೆ. ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ.

7
ಬಲಗೈ ಉಗುರು ಬೆಳೆಸಬೇಕು, ಎಡಗೈ ಉಗುರು ಕತ್ತರಿಸಬೇಕು. ಎಡಗೈಯದು ಬೆಳೆದರೆ ತಂತಿ ಒತ್ತಲಾಗದು. ಬಲಗೈಯದು ಬೆರಳತುದಿಯಿಂದ ಒಂದೆರಡು ಮಿಲಿಮೀಟರ್ ಹೊರಗಿರಬೇಕು. ಅಂಚನ್ನು ಅರದಲ್ಲಿ ಉಜ್ಜಿ, ಆಮೇಲೆ 2000 ನಂಬರಿನ ವಾಟರ್ ಪೇಪರ್‌ನಲ್ಲಿ ನುಣುಪು ಮಾಡುತ್ತಾರೆ. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ಕಾಗದವೇ. ಪೇಂಟ್ ಅಂಗಡಿಯವರು "ಯಾವ ಗಾಡಿಗೆ?" ಎಂದು ಕೇಳುತ್ತಾರೆ.

ಉಗುರು ಮುರಿದರೆ ಪಿಂಗ್‌ಪಾಂಗ್ ಚೆಂಡಿನ ಚೂರು ಕತ್ತರಿಸಿ ಅಂಟಿಸಿಕೊಳ್ಳುವ ಕಲಾವಿದರಿದ್ದಾರೆ. ಚೆಂಡಿನ ಬಾಗು ಉಗುರಿನ ಬಾಗಿಗೆ ಹೊಂದುತ್ತದೆ.

8
ಮಂಗಳವಾರ, ಶುಕ್ರವಾರ ಉಗುರು ಕತ್ತರಿಸಬಾರದು ಎನ್ನುತ್ತಾರೆ ತಾಯಿ. ಲ್ಯಾಬಿನಲ್ಲಿ ಉಗುರು ನೋಡುವುದು ಸೋಮವಾರ.

9
ಕೈ ಶುಚಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ಇದೆ: ಆಸ್ಪತ್ರೆ ಕೆಲಸದವರ ಉಗುರಿನ ತುದಿ ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಗಿಟಾರಿನ ಉಗುರು ಆ ಅಳತೆಯ ಒಳಗೇ ಬರುತ್ತದೆ. ಆದರೂ ಅವಳು ಕತ್ತರಿಸಿಬಿಟ್ಟಿದ್ದಾಳೆ. ಗ್ಲೌಸ್ ತೂತಾದರೆ ಎಂಬ ಭಯ. ಹಾಗಾಗಿ ಬೆರಳಿನ ಮಾಂಸದಿಂದಲೇ ಮೀಟುತ್ತಾಳೆ. ಸದ್ದು ಮೆತ್ತಗೆ, ದುಂಡಗೆ. ಕೆಳಗೆ ಅರ್ಧವೇ ಕೇಳುತ್ತದೆ.

10
ಸೋರ್ ಕೂಡ ಉಗುರಿಲ್ಲದೆ ನುಡಿಸುತ್ತಿದ್ದ. ಉಗುರಿನ ಸದ್ದು ತನಗೆ ಹಿಡಿಸದು ಎಂದು 1830ರ ತನ್ನ ಬೋಧನಾ ಪುಸ್ತಕದಲ್ಲಿ ಬರೆದ. ಅವನ ಗೆಳೆಯ ದಿಯೋನಿಸಿಯೊ ಅಗುವಾದೊ ನುಡಿಸುತ್ತಿದ್ದುದು ಉಗುರಿನಿಂದ. ಇಬ್ಬರೂ ಸ್ಪೇನ್ ಬಿಟ್ಟು ಪ್ಯಾರಿಸ್ಸಿಗೆ ಬಂದವರು. ತಮ್ಮಿಬ್ಬರಿಗೆಂದೇ ಸೋರ್ ಜೋಡಿ ಗಿಟಾರಿನ ಒಂದು ಕೃತಿ ಬರೆದ. ಒಪಸ್ 41, ಹೆಸರು 'ಇಬ್ಬರು ಗೆಳೆಯರು'.

ಫ್ರಾನ್ಸಿಸ್ಕೊ ತಾರೆಗಾ (1852–1909) ಬಹುಕಾಲ ಉಗುರಿನಿಂದ ನುಡಿಸಿ, ಬದುಕಿನ ಕೊನೆಯ ವರ್ಷಗಳಲ್ಲಿ ಕತ್ತರಿಸಿಬಿಟ್ಟ. ಅವನ ಶಿಷ್ಯ ಎಮಿಲಿಯೊ ಪುಜೋಲ್ ಉಗುರಿಲ್ಲದೆ ನುಡಿಸಿದ, ಈ ಒಂದು ವಿಷಯಕ್ಕೇ ಪುಸ್ತಕ ಬರೆದ. ಸೆಗೋವಿಯಾ ಉಗುರು, ಮಾಂಸ ಎರಡನ್ನೂ ಸೇರಿಸಿ ಮೀಟಿದ. ಇಂದು ವೇದಿಕೆಯಲ್ಲಿ ಕಾಣುವವರು ಬಹುಪಾಲು ಆ ದಾರಿಯವರು.

ಅವಳ ಮೇಷ್ಟರಿಗೂ ಉಗುರಿದೆ. "ನಿನ್ನ ಸದ್ದನ್ನ ನೀನೇ ಹುಡುಕ್ಕೋಬೇಕು" ಎಂದಿದ್ದಾರೆ.

11
ಅವಳ ಕ್ಲಾಸಿನಲ್ಲಿ ಉಗುರು ಬೆಳೆಸಿದ ಹುಡುಗನೊಬ್ಬ ಇದ್ದಾನೆ. ಅವನ ಬಲಗೈ ಉಗುರುಗಳು ಹಳದಿ. ಸಾರನ್ನ ಕಲಸುವುದೂ ಆ ಕೈಯಲ್ಲೇ. ಅರಿಶಿನ.

12
ಎಡಗೈ ಬೆರಳತುದಿ ಗಟ್ಟಿಯಾಗುತ್ತದೆ. ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚುವಾಗ ಅವಳು ಬಂದವರ ತುದಿಗಳನ್ನು ನೋಡುತ್ತಾಳೆ. ವಯಸ್ಸಾದ ಒಬ್ಬರ ಎಡಗೈ ತೋರುಬೆರಳು, ನಡುಬೆರಳಲ್ಲಿ ಉದ್ದ ಗೀರು ಇತ್ತಂತೆ. "ವೀಣೆನಾ ಅಮ್ಮ?" ಎಂದು ಕೇಳಿದಳಂತೆ. ಅವರು ಎದ್ದೇಳಲಿಲ್ಲ. ಹಿಂದಿನ ಸರದಿಯವರು ಕಾಯುತ್ತಿದ್ದರು.

13
ಗಿಟಾರಿನ ತಂತಿಯ ಉದ್ದ 650 ಮಿಲಿಮೀಟರ್. ಮೊದಲ ಫ್ರೆಟ್ಟಿನ ಅಗಲ ಸುಮಾರು 36 ಮಿ.ಮೀ., 12ನೆಯದು ಸುಮಾರು 19. ಮೇಲೆ ಹೋದ ಹಾಗೆ ಬೆರಳುಗಳು ಒತ್ತಿಕೊಳ್ಳುತ್ತವೆ. ಒಟ್ಟು 19 ಫ್ರೆಟ್, ಮರಕ್ಕೆ ಹೊಡೆದದ್ದು.

ವೀಣೆಗೆ 24 ಮೆಟ್ಟಿಲು, ಮೇಣದ ಮೇಲೆ ಕೂರಿಸಿದ್ದು. ಸ್ವರ ತಪ್ಪಿದರೆ ಮೇಳ ಕಟ್ಟುವವರನ್ನು ಕರೆಸುತ್ತಾರೆ. ಅವರು ಮೇಣ ಕಾಯಿಸಿ ಮೆಟ್ಟಿಲು ಸರಿಸುತ್ತಾರೆ.

14
ಮೊದಲ ತಂತಿಯನ್ನು ಬರಿದೇ ಮೀಟಿದರೆ ಇ. ಅದೇ ಇ ಎರಡನೇ ತಂತಿಯ 5ನೇ ಫ್ರೆಟ್ಟಿನಲ್ಲಿದೆ. ಮೂರನೆಯದರ 9ರಲ್ಲಿ, ನಾಲ್ಕನೆಯದರ 14ರಲ್ಲಿ, ಐದನೆಯದರ 19ರಲ್ಲಿ. ಕಾಗದದಲ್ಲಿ ಒಂದೇ ಚುಕ್ಕೆ, ಕೈಗೆ ಐದು ಜಾಗ. ಪಿಯಾನೊದಲ್ಲಿ ಹೀಗಿಲ್ಲ, ಒಂದು ಸ್ವರಕ್ಕೆ ಒಂದೇ ಮನೆ.

ಮೊದಲ ವರ್ಷ ಒಂದು ಜಾಗ ಗೊತ್ತಿದ್ದರೆ ಸಾಕಿತ್ತು. ಈಗ ಪ್ರತಿ ಚುಕ್ಕೆಯ ಮುಂದೂ ನಿಂತು ಯೋಚಿಸಬೇಕು. ಐದೂ ಒಂದೇ ಎತ್ತರದ ಸ್ವರ. ಮೊದಲ ತಂತಿಯದು ಹೊಳೆಯುತ್ತದೆ, ಮೂರನೆಯದರದು ದಪ್ಪ, ಕೊಂಚ ಮಂಕು. ಯಾವುದನ್ನು ಆರಿಸಿದರೆ ಮುಂದಿನ ಸ್ವರಕ್ಕೆ ಕೈ ತಲುಪುತ್ತದೆ, ಹಿಂದಿನ ಸ್ವರ ಮಧ್ಯದಲ್ಲಿ ಕಡಿಯುವುದಿಲ್ಲ ಎಂದು ನೋಡಬೇಕು. ಒಂದು ಸಾಲಿಗೆ ಒಂದು ಸಂಜೆ ಹೋಗುತ್ತದೆ.

15
ಸ್ವರ ಶುರು ಮಾಡುವುದನ್ನು ಮೊದಲ ವರ್ಷ ಕಲಿಸಿದರು. ನಿಲ್ಲಿಸುವುದನ್ನು ಮೂರನೇ ವರ್ಷ ಕಲಿಸುತ್ತಿದ್ದಾರೆ. ಬರಿದೇ ಮೀಟಿದ ಮಂದ್ರದ ತಂತಿ ತಾನಾಗಿ ನಿಲ್ಲುವುದಿಲ್ಲ, ಮುಂದಿನ ಕಾರ್ಡಿನೊಳಗೂ ಗುಂಯ್‌ಗುಡುತ್ತದೆ. ಹೆಬ್ಬೆರಳು ಹಿಂದೆ ಬಂದು ಅದನ್ನು ಮುಟ್ಟಿ ಸುಮ್ಮನಾಗಿಸಬೇಕು, ಆ ಹೊತ್ತಿಗೆ ಉಳಿದ ಬೆರಳುಗಳು ಬೇರೆ ಕೆಲಸದಲ್ಲಿರುತ್ತವೆ. ಇಷ್ಟು ದಿನ ಆ ಗುಂಯ್ ಅವಳಿಗೆ ಕೇಳಿಸಿರಲಿಲ್ಲ. ಈಗ ನನಗೂ ಕೇಳುತ್ತದೆ.

16
ಲೋಹ ಸುತ್ತಿದ ತಂತಿಯ ಮೇಲೆ ಎಡಗೈ ಜಾರುವಾಗ ಕೀರಲು ಸದ್ದು. ಅದೂ ಈ ವರ್ಷ ಶುರುವಾದದ್ದಲ್ಲ. ಈ ವರ್ಷ ಗಮನಕ್ಕೆ ಬಂದದ್ದು.

17
ಮೌರೊ ಜ್ಯೂಲಿಯಾನಿ ಇಟಲಿಯವನು, ಇದ್ದದ್ದು ವಿಯೆನ್ನಾದಲ್ಲಿ. 1812ರಲ್ಲಿ ಒಂದು ಪುಸ್ತಕ ಹೊರತಂದ, ಒಪಸ್ 1. ಅದರಲ್ಲಿ ಬಲಗೈಗೆಂದು 120 ಅಭ್ಯಾಸಗಳಿವೆ. ಎಡಗೈ ಹಿಡಿಯುವುದು ಎರಡೇ ಕಾರ್ಡು, ಸಿ ಮತ್ತು ಜಿ ಸೆವೆನ್. ಬಲಗೈ ಅವೆರಡನ್ನೇ 120 ರೀತಿಯಲ್ಲಿ ಬಿಡಿಸುತ್ತದೆ.

ಇದನ್ನು ಕೇಳಿ ನನ್ನ ಹೆಂಡತಿ "ಸರಳೆ ವರಸೆ" ಎಂದಳು. ಅವಳು ಬಾಲ್ಯದಲ್ಲಿ ಮಾಯಾಮಾಳವಗೌಳದಲ್ಲಿ ಕಲಿತವಳು. ಸರಳೆ, ಜಂಟಿ, ಅಲಂಕಾರ, ಪುರಂದರದಾಸರ ಪಿಳ್ಳಾರಿ ಗೀತೆ, ಆಮೇಲೆ ವರ್ಣ. ವರ್ಣಕ್ಕೆ ಬಂದಾಗ ಮೇಷ್ಟರು ಮತ್ತೆ ಸರಳೆಗೆ ಕಳಿಸಿದರಂತೆ, ಈ ಸಲ ಮೂರು ಕಾಲದಲ್ಲಿ.

18
ಮೇಲಿನ ಮನೆಯ ಹುಡುಗಿ ಮೆಟ್ರೊನೋಮನ್ನು 40ಕ್ಕೆ ಇಳಿಸುತ್ತಾಳೆ. ಅಷ್ಟು ನಿಧಾನದಲ್ಲಿ ನುಡಿಸುವುದು ಸುಲಭ ಎಂದುಕೊಂಡಿದ್ದೆ. ಎರಡು ಸ್ವರಗಳ ನಡುವೆ ಜಾಗ ಹೆಚ್ಚಾದಷ್ಟೂ ಮುಂದಿನದನ್ನು ಸರಿಯಾದ ಹೊತ್ತಿಗೆ ಇಡುವುದು ಕಷ್ಟವಂತೆ.

19
ಸಂಜೆ ಏಳಕ್ಕೆ ನನ್ನ ಹೆಂಡತಿ ಶ್ರುತಿಪೆಟ್ಟಿಗೆ ಹಾಕುತ್ತಾಳೆ. ಐದೂವರೆ ಮನೆ. ಎಲೆಕ್ಟ್ರಾನಿಕ್ ತಂಬೂರಿ, ರಾಡೆಲ್ ಕಂಪನಿಯದು. ಅದರ ಜಿ. ರಾಜ್ ನಾರಾಯಣ್ 1979ರಲ್ಲಿ ಬೆಂಗಳೂರಿನಲ್ಲಿ ಇಂಥ ಯಂತ್ರವನ್ನು ಮೊದಲು ಮಾಡಿದರು.

ಅದೇ ಹೊತ್ತಿಗೆ ಮೇಲೆ ತಾರೆಗಾನ 'ಲಾಗ್ರಿಮಾ'. ಒಂದೇ ಪುಟದ ಕೃತಿ. ಮೊದಲ ಭಾಗ ಇ ಮೇಜರ್, ಎರಡನೆಯದು ಇ ಮೈನರ್, ಮತ್ತೆ ಮೊದಲನೆಯದು. ಇ ಅಂದರೆ ಮೂರನೇ ಮನೆ. ಮೇಜರಿನಲ್ಲಿ ಅದರ ಅಂತರ ಗಾಂಧಾರ ಸರಿಯಾಗಿ ಐದೂವರೆ ಮನೆಗೆ ಬಂದು ಕೂರುತ್ತದೆ. ಕೆಳಗಿನ ಷಡ್ಜ, ಮೇಲಿನ ಗಾಂಧಾರ ಒಂದೇ ಸ್ವರ. ಎರಡನೇ ಭಾಗದಲ್ಲಿ ಗಾಂಧಾರ ಅರ್ಧ ಮನೆ ಇಳಿಯುತ್ತದೆ. ಕೆಳಗೆ ಐದೂವರೆ ಹಾಗೇ ಇರುತ್ತದೆ. ಎರಡೂ ಉಜ್ಜುತ್ತವೆ.

ಮೈನರ್ ಬಂದಾಗ ನನ್ನ ಹೆಂಡತಿ ಹಾಡು ನಿಲ್ಲಿಸಿ ಕಾಯುತ್ತಾಳೆ. ಮೇಜರ್ ಮರಳಿದಾಗ ಮತ್ತೆ ಎತ್ತಿಕೊಳ್ಳುತ್ತಾಳೆ. ಇದರ ಬಗ್ಗೆ ಇಬ್ಬರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

20
ನಮ್ಮ ಬೀದಿಯ ಸದ್ದುಗಳು: ಕಸದ ಆಟೋ. ಈರುಳ್ಳಿ ಗಾಡಿಯ ರೆಕಾರ್ಡ್ ಮಾಡಿದ ಕೂಗು. ರಿವರ್ಸ್ ಹೋಗುವ ನೀರಿನ ಟ್ಯಾಂಕರ್. ಗ್ರೈಂಡಿಂಗ್ ಮೆಷಿನ್. ಕುಕ್ಕರ್. ಗಣೇಶನ ಸಮಯದಲ್ಲಿ, ಮತ್ತೆ ನವೆಂಬರಿನಲ್ಲಿ, ಸರ್ಕಲ್ಲಿನ ಆರ್ಕೆಸ್ಟ್ರಾ.

ಬೆರಳಿನ ಮಾಂಸದಿಂದ ಮೀಟಿದ ನೈಲಾನ್ ತಂತಿ ಇವುಗಳಲ್ಲಿ ಯಾವುದಕ್ಕೂ ಸಮವಲ್ಲ. ಆದರೂ ಕರೆಂಟ್ ಹೋದಾಗ ಅದು ಅಲ್ಲೇ ಇತ್ತು ಎಂದು ತಿಳಿಯುತ್ತದೆ.

21
ನೈಲಾನ್ ತಂತಿಗೆ ಇನ್ನೂ ನೂರು ವರ್ಷವಾಗಿಲ್ಲ. ಅದಕ್ಕೆ ಮುಂಚೆ ಮೇಲಿನ ಮೂರು ತಂತಿ ಪ್ರಾಣಿಗಳ ಕರುಳಿನದು, ಕೆಳಗಿನ ಮೂರು ಲೋಹ ಸುತ್ತಿದ ರೇಷ್ಮೆ. ಎರಡನೇ ಮಹಾಯುದ್ಧದಲ್ಲಿ ಕರುಳಿನ ದಾರ ಗಾಯ ಹೊಲಿಯಲು ಹೋಯಿತು, ಗಿಟಾರಿಗೆ ಸಿಗದಾಯಿತು. ನ್ಯೂಯಾರ್ಕಿನಲ್ಲಿ ಗಿಟಾರು ಮಾಡುತ್ತಿದ್ದ ಆಲ್ಬರ್ಟ್ ಅಗಸ್ಟೀನ್ 1940ರ ದಶಕದಲ್ಲಿ ಡುಪಾಂಟ್ ಕಂಪನಿಯ ನೈಲಾನ್ ಎಳೆಯಲ್ಲಿ ತಂತಿ ಮಾಡಿದ. ಸೆಗೋವಿಯಾ ಅದನ್ನು ಕಟ್ಟಿಕೊಂಡ.

ಈಗ ಗಾಯಕ್ಕೂ ನೈಲಾನ್ ಹೊಲಿಗೆ ಹಾಕುತ್ತಾರೆ.

22
ಹೊಸ ತಂತಿ ಕಟ್ಟಿದರೆ ದಿನಗಟ್ಟಲೆ ಶ್ರುತಿ ನಿಲ್ಲುವುದಿಲ್ಲ. ನೈಲಾನ್ ಹಿಗ್ಗುತ್ತಲೇ ಇರುತ್ತದೆ.

23
ಅಂಗಡಿಯಲ್ಲಿ ಅವಳು ನೋಡಿದ ಒಂದು ಸ್ಪೇನ್ ಗಿಟಾರಿನ ಚೀಟಿ: ಮುಂಭಾಗ ಸ್ಪ್ರೂಸ್, ಬೆನ್ನು ಮತ್ತು ಬದಿ ಇಂಡಿಯನ್ ರೋಸ್‌ವುಡ್. ಅಂದರೆ ಬೀಟೆ. ನಮ್ಮ ಪಶ್ಚಿಮ ಘಟ್ಟದ ಮರ. ಮೈಸೂರಿನ ಇನ್‌ಲೇ ಕುಸುರಿಯವರು ಬಳಸುವುದೂ ಇದನ್ನೇ. ಹಿಂದೆ ಗಿಟಾರಿಗೆ ಬ್ರೆಜಿಲ್ಲಿನ ರೋಸ್‌ವುಡ್ ಹೆಸರಾಗಿತ್ತು. 1960ರ ದಶಕದ ಕೊನೆಗೆ ಅದರ ದಿಮ್ಮಿ ಸಿಗುವುದು ಕಷ್ಟವಾಗಿ ಬೀಟೆ ಆ ಜಾಗಕ್ಕೆ ಬಂತು. 2017ರ ಜನವರಿಯಿಂದ ಬೀಟೆಯ ಜಾತಿಯ ಮರಗಳಿಗೆಲ್ಲ ಅಂತರರಾಷ್ಟ್ರೀಯ ಪರವಾನಗಿ ಬೇಕಾಯಿತು, ಗಿಟಾರುಗಳಿಗೂ. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಅವಳ ಗಿಟಾರಿನ ಬೆನ್ನು ಬೀಟೆಯದಲ್ಲ. ಮನೆಯಲ್ಲಿ ಬೀಟೆಯದೆಂದರೆ ಅಜ್ಜಿಯ ಕಾಲದ ಒಂದು ಪೆಟ್ಟಿಗೆ. ಅದರೊಳಗೆ ಈಗ ಹಳೆ ತಂತಿಗಳು.

24
ಇಂದಿನ ಗಿಟಾರಿನ ಆಕಾರ, ಅಳತೆ ಬಹುಮಟ್ಟಿಗೆ ಅಂತೋನಿಯೊ ದೆ ತೊರ್ರೆಸ್ (1817–1892) ಮಾಡಿಟ್ಟದ್ದು. 1862ರಲ್ಲಿ ಅವನು ಬೆನ್ನು, ಬದಿ ಎರಡನ್ನೂ ರಟ್ಟಿನಲ್ಲಿ ಮಾಡಿ, ಮುಂಭಾಗಕ್ಕೆ ಮಾತ್ರ ಒಳ್ಳೆಯ ಮರ ಹಾಕಿ ಒಂದು ಗಿಟಾರು ಕಟ್ಟಿದ. ಸದ್ದು ಎಲ್ಲಿಂದ ಬರುತ್ತದೆ ಎಂದು ತೋರಿಸಲು. ಅದು ಬಾರ್ಸಿಲೋನಾದ ಸಂಗೀತ ಮ್ಯೂಸಿಯಮ್ಮಿನಲ್ಲಿದೆ.

25
ಫೆಬ್ರವರಿ, ಮಾರ್ಚ್. ಗಾಳಿ ಒಣಗಿದೆ. ಗಿಟಾರಿನ ಕತ್ತಿನ ಅಂಚಿಗೆ ಕೈ ಆಡಿಸಿದರೆ ಫ್ರೆಟ್ಟಿನ ತುದಿ ಚುಚ್ಚುತ್ತದೆ. ಲೋಹ ಬೆಳೆದಿಲ್ಲ, ಮರ ಕುಗ್ಗಿದೆ. ಸೋಪಿನ ಡಬ್ಬಿಗೆ ತೂತು ಮಾಡಿ, ಒದ್ದೆ ಸ್ಪಂಜ್ ಇಟ್ಟು ಪೆಟ್ಟಿಗೆಯೊಳಗೆ ಇಡುತ್ತಾಳೆ. ಗಿಟಾರಿಗೆ ಬೇಕಾದ ತೇವ ಶೇ. 45ರಿಂದ 55. ಜುಲೈ ಬಂದರೆ ಡಬ್ಬಿ ತೆಗೆಯುತ್ತಾಳೆ.

26
ಎಡಗಾಲು ಎತ್ತರದಲ್ಲಿರಬೇಕು. ಮೊದಲು ಊಟದ ಮಣೆಯ ಮೇಲೆ ಕಾಲಿಟ್ಟಿದ್ದಳು. ತಾಯಿ ಮಣೆ ಎತ್ತಿಟ್ಟುಕೊಂಡರು. ಈಗ ಎರಡು ಇಟ್ಟಿಗೆ, ಮೇಲೊಂದು ಹಲಗೆ. ಅಗುವಾದೊ ತನ್ನ ಗಿಟಾರಿಗೆ ಮೂರು ಕಾಲಿನ ಸ್ಟ್ಯಾಂಡ್ ಮಾಡಿಸಿಕೊಂಡಿದ್ದ. ಮೈ ತಗುಲಿ ಸದ್ದು ಕುಂದಬಾರದೆಂದು.

27
ಅತ್ತಿಗುಪ್ಪೆಯಿಂದ ಮೆಟ್ರೋ. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಈ ತುಂಡು 2015ರ ನವೆಂಬರಿನಲ್ಲಿ ಶುರುವಾಯಿತು. ಸಂಗೀತ ಕಛೇರಿಗಳು ಹೆಚ್ಚಾಗಿ ಪೂರ್ವದ ಕಡೆ, ಒಂದೇ ಗಾಡಿಯಲ್ಲಿ ಹೋಗಬಹುದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆಂದು ಅರುಣಾ ಸುಂದರಲಾಲ್ 1987ರಲ್ಲಿ ಶುರುಮಾಡಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇರುವುದು ಆರ್.ಟಿ. ನಗರದಲ್ಲಿ. ಮೂಡಲಪಾಳ್ಯದಿಂದ ಅಲ್ಲಿಗೆ ಊರು ದಾಟಬೇಕು.

ನಮ್ಮ ಕಡೆಯ ಬೋರ್ಡುಗಳಲ್ಲಿ ಕೀಬೋರ್ಡ್, ಗಿಟಾರ್, ಡ್ರಮ್ಸ್, ಭರತನಾಟ್ಯ, ಕರಾಟೆ ಒಟ್ಟಿಗೆ ಇರುತ್ತವೆ. ಮೂರು ತಿಂಗಳ ಕೋರ್ಸಿನ ಬೋರ್ಡು ಇದೆ. ಮೂರನೇ ವರ್ಷದವರಿಗೆಂದು ಬೋರ್ಡು ನೋಡಿಲ್ಲ.

28
ಲಂಡನ್ನಿನ ಟ್ರಿನಿಟಿ ಕಾಲೇಜು 1877ರಿಂದ ಹೊರಗಿನವರಿಗೆ ಸಂಗೀತ ಪರೀಕ್ಷೆ ನಡೆಸುತ್ತಿದೆ. ಈಗ ಗಿಟಾರಿಗೆ ಎಂಟು ಗ್ರೇಡು. ನಮ್ಮಲ್ಲಿ ಜೂನಿಯರ್, ಸೀನಿಯರ್, ವಿದ್ವತ್. ತಾಯಿ ಎರಡನ್ನೂ ಸೇರಿಸಿ ಕೇಳುತ್ತಾರೆ: "ನಿಂದು ಸೀನಿಯರ್‌ಗೆ ಸಮಾನಾನಾ?" ಅವಳು ಕಟ್ಟಿದ್ದು ಮೂರನೇ ಗ್ರೇಡಿನವರೆಗೆ. ಆಮೇಲೆ ಕಟ್ಟಿಲ್ಲ, ಕಲಿಯುವುದನ್ನು ಬಿಟ್ಟೂ ಇಲ್ಲ.

29
ಜಯಚಾಮರಾಜ ಒಡೆಯರು ಪಿಯಾನೊ ಕಲಿತರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪಡೆದರು. ರಷ್ಯದ ನಿಕೊಲಾಯ್ ಮೆಟ್ನರ್ ಎಂಬ, ಆಗ ಹೆಚ್ಚು ಜನ ಕೇಳದ ಸಂಗೀತಗಾರನ ಕೃತಿಗಳನ್ನು 1940ರ ದಶಕದ ಕೊನೆಗೆ ತಮ್ಮ ಹಣದಿಂದ ರೆಕಾರ್ಡ್ ಮಾಡಿಸಿದರು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು. ಆ ರಾಜರು ದಿನಾ ಯಾವ ಪಾಠದ ಯಾವ ಎರಡು ಬಾರ್ ತಿದ್ದುತ್ತಿದ್ದರೋ ಯಾರೂ ಬರೆದಿಟ್ಟಂತಿಲ್ಲ. ಬರೆದಿಡಬೇಕಿತ್ತು.

30
ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್ ಕೇಳಿದ್ದು ಮೈಸೂರು ಅರಮನೆ ಬ್ಯಾಂಡಿನಲ್ಲಿ. ಆಮೇಲೆ ಗಮಕ ಹೊರಡಲೆಂದು ವಾದ್ಯವನ್ನೇ ತಿದ್ದಿಕೊಂಡರು. ಕರ್ನಾಟಕ ಸಂಗೀತಕ್ಕೆ ಬಂದ ಪಿಟೀಲು ನೆಲದ ಮೇಲೆ ಕೂತಿತು. ಮೇಲಿನ ಮನೆಯ ಗಿಟಾರು ಇನ್ನೂ ಕುರ್ಚಿಯ ಮೇಲೆ, ಕಾಗದದ ಮುಂದೆ.

31
ತಾರೆಗಾನ ಅಲ್ಹಾಂಬ್ರಾ ಕೃತಿಯಲ್ಲಿ ಒಂದು ಸ್ವರವನ್ನು ಮೂರು ಬೆರಳು ಸರದಿಯಲ್ಲಿ ಮೀಟುತ್ತವೆ: ಉಂಗುರ, ನಡು, ತೋರು. ಹೆಬ್ಬೆರಳು ಕೆಳಗೆ ಬೇರೆ ಸಾಲು ಹಿಡಿದಿರುತ್ತದೆ. ಮೊದಲ ಸಲ ಕೇಳಿದವರು ಎರಡು ಗಿಟಾರು ಎನ್ನುತ್ತಾರೆ. ನಾನೂ ಎಂದೆ. ಉಗುರಿಲ್ಲದೆ ಅಷ್ಟು ವೇಗ ಕಷ್ಟ. ಅವಳು ಅದನ್ನು ಶುರುಮಾಡಿಲ್ಲ. ಮೂರು ಬೆರಳೂ ಸಮ ತೂಗುತ್ತವೆಯೇ ಎಂದು ಊಟದ ಮೇಜಿನ ಮೇಲೆ ತಟ್ಟಿ ನೋಡುತ್ತಿರುತ್ತಾಳೆ. ಉಂಗುರಬೆರಳು ಹಿಂದೆ ಬೀಳುತ್ತದೆ.

32
ಕೆಲವು ಸಂಜೆ ಸದ್ದೇ ಇರುವುದಿಲ್ಲ. ಬಾಡಿಗೆ ರಸೀದಿ ಕೊಡಲು ಹೋದಾಗ ನೋಡಿದೆ. ಗಿಟಾರು ತೊಡೆಯ ಮೇಲಿತ್ತು. ಬಲಗೈ ಕೆಳಗೆ ಬಿಟ್ಟಿದ್ದಳು. ಎಡಗೈ ಬೆರಳುಗಳು ತಂತಿಯ ಮೇಲೆ ಕೂರುತ್ತಿದ್ದವು, ಏಳುತ್ತಿದ್ದವು. "ಎಷ್ಟು ಕಡಿಮೆ ಏಳಿಸಬಹುದು ಅಂತ ನೋಡ್ತಿದೀನಿ ಅಂಕಲ್" ಎಂದಳು.

33
ಎದುರು ಮನೆಯ ಹುಡುಗನದು ಸ್ಟೀಲ್ ತಂತಿಯ ಗಿಟಾರು. ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ನುಡಿಸಿದ. ಇಡೀ ಹಾಡುಗಳು, ಒಂದಾದ ಮೇಲೊಂದು. ಮರುದಿನ ಮೇಲೆ ಬಂದು ಕೇಳಿದ: "ಅಕ್ಕ, ಕೇಳಿದ್ರಾ? ಹೇಗಿತ್ತು?"

"ತಾಳ ಒಂದ್ಕಡೇನೂ ಓಡ್ಲಿಲ್ಲ ಕಣೋ, ಅದು ನಂಗೆ ಇನ್ನೂ ಬರಲ್ಲ" ಎಂದಳು.

ಹುಡುಗ ಅವಳ ಕಾಗದ ತೆಗೆದುಕೊಂಡು ನೋಡಿದ. ಕೆಳಗೆ ಮೇಲೆ ತಿರುಗಿಸಿದ. ಒಂದೇ ಪುಟ ಎಂದು ಅವನಿಗೆ ಆಶ್ಚರ್ಯ.

34
ಆ ಪುಟದ ತುಂಬ ಪೆನ್ಸಿಲ್. ಸ್ವರದ ಪಕ್ಕ 1, 2, 3, 4 ಎಡಗೈ ಬೆರಳು. ಪಿ, ಐ, ಎಂ, ಎ ಬಲಗೈಯದು, ಸ್ಪ್ಯಾನಿಷ್ ಹೆಸರುಗಳ ಮೊದಲಕ್ಷರ. ವೃತ್ತದೊಳಗಿನ ಅಂಕಿ ತಂತಿಯದು. ಅಳಿಸಿ ಬರೆದು, ಅಳಿಸಿ ಬರೆದು, ನಡುವಿನ ಸಾಲಿನಲ್ಲಿ ಕಾಗದ ತೆಳುವಾಗಿದೆ.

35
ಈ ವಾರ ಮೇಲಿನಿಂದ ಸೋರ್ ಮೊದಲಿನಿಂದ ಕೊನೆಯವರೆಗೆ ಕೇಳಿತು, ನಿಲ್ಲದೆ. ಹಾಡು ಮುಂದೆ, ಉಳಿದದ್ದು ಹಿಂದೆ. ನನ್ನ ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ಮೆಟ್ಟಿಲ ಬಳಿ ನಿಂತಳು.

ಶನಿವಾರ ಅವಳು ಕ್ಲಾಸಿನಿಂದ ಬಂದಾಗ ಕೇಳಿದೆವು. ಮೇಷ್ಟರು ಒಪ್ಪಿದರಂತೆ. ಒಪ್ಪಿ, ರಬ್ಬರ್ ತೆಗೆದು ಎರಡನೇ ಸಾಲಿನ ಬೆರಳುಗಳನ್ನೆಲ್ಲ ಅಳಿಸಿದರಂತೆ. 2 ಇದ್ದಲ್ಲಿ ಈಗ 3. ಎರಡನೇ ತಂತಿಯಲ್ಲಿದ್ದ ಒಂದು ಸ್ವರ ಮೂರನೇ ತಂತಿಗೆ ಹೋಗಿದೆ.